ಹೆಣದ ಪಾತ್ರಕ್ಕೆ ಜೀವ ತುಂಬಿದ್ದಾರೆ

ಅದೊಂದು ಕೊಲೆ ರಹಸ್ಯದ ಸಿನಿಮಾ. ಮೊದಲ ದೃಶ್ಯದಲ್ಲೇ ಒಬ್ಬರು ಸತ್ತು ಬಿದ್ದಿರುತ್ತಾರೆ. ಕೊನೆವರೆಗೂ ಏಳುವುದಿಲ್ಲ. ಫ್ಲ್ಯಾಶ್‌ಬ್ಯಾಕೂ ಇಲ್ಲ. ರಾತ್ರಿ ಹನ್ನೊಂದಕ್ಕೆ ವಿಮರ್ಶೆ ಬರೆಯಲು ಕೂತೆ. ಇದ್ದಿದ್ದೇ 80 ಪದದ ಜಾಗ. ಕಣ್ಣು ಎಳೆಯುತ್ತಿತ್ತು. ತಾರಾಗಣದ ಪಟ್ಟಿ ಮುಂದಿಟ್ಟುಕೊಂಡು ಒಬ್ಬೊಬ್ಬರಿಗೂ ಒಂದೊಂದು ಮೆಚ್ಚುಗೆ ಹಂಚುತ್ತಾ ಹೋದೆ. ಹೆಣದ ಪಾಲಿಗೆ ಬಂದದ್ದು: 'ಪಾತ್ರಕ್ಕೆ ಜೀವ ತುಂಬಿದ್ದಾರೆ.'

ಹಾಗೇ ಅಚ್ಚಾಯಿತು. ಯಾರೂ ನಗಲಿಲ್ಲ. ಮೂರನೇ ದಿನ ಹೆಣವೇ ಫೋನ್ ಮಾಡಿತು. 'ಥ್ಯಾಂಕ್ಸ್ ಸರ್. ನನ್ನ ಶ್ರಮ ಗುರುತಿಸಿದವರು ನೀವೊಬ್ಬರೇ. ಉಸಿರು ಬಿಗಿಹಿಡಿದು ಮಲಗೋದು ಅಷ್ಟು ಸುಲಭ ಅಲ್ಲ.'

ಅವತ್ತಿನಿಂದ ನನಗೆ ಭಾರಿ ಧೈರ್ಯ. ಕಾಮಿಡಿ ಬಂದರೆ 'ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತದೆ' ಅಂತ ಬರೆಯುತ್ತೇನೆ. ನನ್ನ ಹೊಟ್ಟೆ ಇವತ್ತಿಗೂ ಗಟ್ಟಿಮುಟ್ಟಾಗಿದೆ. ಪ್ರೇಮಕಥೆಯಲ್ಲಿ ಏನೂ ನಡೆಯದಿದ್ದರೆ ಅದು 'ನವಿರು'. ಕಲಾತ್ಮಕ ಚಿತ್ರ ಅರ್ಥ ಆಗದಿದ್ದರೆ 'ಹಲವು ಪದರಗಳಿವೆ'. ಒಂದಾದರೂ ಪದರ ಯಾವುದು ಅಂತ ಕೇಳಬೇಡಿ, ಜಾಗ ಇಲ್ಲ. ದೆವ್ವದ ಸಿನಿಮಾಕ್ಕೆ 'ಹಿನ್ನೆಲೆ ಸಂಗೀತವೇ ನಾಯಕ'. ಇದು ಮಾತ್ರ ನಿಜ. ಅಲ್ಲಿ ಹೆದರಿಸೋದು ದೆವ್ವ ಅಲ್ಲ, ಬಾಗಿಲಿನ ಕಿರ್ ಅನ್ನೋ ಸದ್ದು. ಏನೂ ಹೊಳೆಯದಿದ್ದರೆ ಛಾಯಾಗ್ರಹಣ ಹೇಗೂ ಇದ್ದೇ ಇದೆ. ಬೈಯಲೇಬೇಕು ಅಂದರೆ ಸಂಕಲನಕಾರರು ಸಿಗುತ್ತಾರೆ: 'ಕತ್ತರಿ ಇನ್ನಷ್ಟು ಹರಿತವಾಗಿರಬೇಕಿತ್ತು.' ಪಾಪ, ಅವರು ಏನೇನು ಕತ್ತರಿಸಿ ನಮ್ಮನ್ನು ಕಾಪಾಡಿದ್ದಾರೋ!

ಇಷ್ಟಾದರೂ ಜನ ಓದೋದು ಸ್ಟಾರ್ ಮಾತ್ರ. ಈ ಚಾಳಿ ಹೊಸದೇನಲ್ಲ. 1928ರಲ್ಲೇ ನ್ಯೂಯಾರ್ಕ್‌ನ ಡೈಲಿ ನ್ಯೂಸ್ ಪತ್ರಿಕೆಯಲ್ಲಿ ಐರೀನ್ ಥೈರರ್ ಸಿನಿಮಾಗಳಿಗೆ ಸ್ಟಾರ್ ಹಾಕಿದ್ದರು. ಆಗ ಜಾಸ್ತಿ ಅಂದರೆ ಮೂರೇ ಸ್ಟಾರ್. ಈಗ ಐದಿದ್ದರೂ ಸಾಲದು, ಅರ್ಧ ಕಾಲು ಎಲ್ಲಾ ಬೇಕು. ನಾನು ಎರಡೂಮುಕ್ಕಾಲಿನವನು. ಎರಡೂವರೆ ಕೊಟ್ಟರೆ ನಿರ್ಮಾಪಕರಿಗೆ ಸಿಟ್ಟು, ಮೂರು ಕೊಟ್ಟರೆ ಸಿನಿಮಾ ನೋಡಿ ಬಂದವರಿಗೆ ಸಿಟ್ಟು. ಆ ಕಾಲು ಸ್ಟಾರ್ ಬರೀ ನನ್ನ ನೆಮ್ಮದಿಗೆ.

ವಿಮರ್ಶೆಗಳನ್ನೆಲ್ಲ ಒಟ್ಟುಹಾಕೋ ರಾಟನ್ ಟೊಮ್ಯಾಟೋಸ್ ವೆಬ್‌ಸೈಟ್‌ನವರದು ಇನ್ನೂ ಚೆಂದ. ನೂರರಲ್ಲಿ ಎಷ್ಟು ವಿಮರ್ಶಕರು ಒಳ್ಳೆಯ ಮಾತಾಡಿದರು ಅನ್ನೋದಷ್ಟೇ ಅಲ್ಲಿನ ಲೆಕ್ಕ. ಎಲ್ಲರೂ 'ಹ್ಞೂಂ, ಪರವಾಗಿಲ್ಲ' ಅಂದ ಸಿನಿಮಾಕ್ಕೆ ನೂರಕ್ಕೆ ನೂರು. ಅರ್ಧ ಜನ ತಲೆ ಮೇಲೆ ಹೊತ್ತು ಕುಣಿದು, ಉಳಿದರ್ಧ ಜನ ಎದ್ದು ಹೋದರೆ 50. 60 ಮುಟ್ಟದಿದ್ದರೆ ಕೊಳೆತ ಟೊಮ್ಯಾಟೊ. 1941ರ 'ಸಿಟಿಜನ್ ಕೇನ್' ಅಲ್ಲಿ ನೂರಕ್ಕೆ ನೂರು ತಗೊಂಡು ಕೂತಿತ್ತು. 2021ರಲ್ಲಿ ಯಾವುದೋ 80 ವರ್ಷ ಹಳೆಯ ತಕರಾರಿನ ವಿಮರ್ಶೆ ಸೇರಿಕೊಂಡು 99ಕ್ಕೆ ಇಳಿಯಿತು. ಸಿನಿಮಾದಲ್ಲಿ ಒಂದು ಫ್ರೇಮೂ ಬದಲಾಗಿರಲಿಲ್ಲ, ಅಲ್ವಾ?

ಆದರೂ ಈ ಕಸುಬಿನಲ್ಲಿ ನಾನು ಕೈಮುಗಿಯೋದು ಡೇವಿಡ್ ಮ್ಯಾನಿಂಗ್‌ಗೆ. ಸೋನಿ ಕಂಪನಿಯ ಸಿನಿಮಾ ಜಾಹೀರಾತುಗಳಲ್ಲಿ ಅವನ ಹೊಗಳಿಕೆಯ ಸಾಲುಗಳು ಮಿಂಚುತ್ತಿದ್ದವು. 2001ರಲ್ಲಿ ಗುಟ್ಟು ಹೊರಬಿತ್ತು. ಅಂಥ ಮನುಷ್ಯನೇ ಇರಲಿಲ್ಲ! ಪ್ರಚಾರ ವಿಭಾಗದವರೇ ಅವನನ್ನು ಹುಟ್ಟಿಸಿದ್ದರು. ಕೇಸಾಗಿ, 2005ರಲ್ಲಿ ರಾಜಿಯಾಗಿ, ಆ ಸಿನಿಮಾಗಳನ್ನು ನೋಡಿದವರಿಗೆ 5 ಡಾಲರ್ ವಾಪಸ್ ಕೊಡಲು ಕಂಪನಿ ಒಪ್ಪಿತು. ಇಲ್ಲದವನ ಬರಹಕ್ಕೂ ಇರುವ ನನ್ನ ಬರಹಕ್ಕೂ ಏನು ವ್ಯತ್ಯಾಸ ಅಂತ ಸುಮ್ನೆ ಕೂತು ಹುಡುಕಿದೆ. ಅವನು ನನಗಿಂತ ಚಿಕ್ಕದಾಗಿ ಬರೆಯುತ್ತಿದ್ದ, ಅಷ್ಟೇ.

ಇದನ್ನು ಬರೆಯುತ್ತಿರುವಾಗಲೇ ಸಂಪಾದಕರ ಫೋನ್ ಬಂತು. ನಾಳೆ ಒಂದು ಸಿನಿಮಾ ಇದೆಯಂತೆ, ಈ ಸಲ 60 ಪದ ಸಾಕಂತೆ. ಯಾರ ನಿರ್ದೇಶನ, ಯಾವ ಕಥೆ ಅಂತೆಲ್ಲ ನಾನು ವಿಚಾರಿಸಲಿಲ್ಲ.

'ಅದರಲ್ಲಿ ಹೆಣ ಇದೆಯಾ ಸರ್?' ಅಂತಷ್ಟೇ ಕೇಳಿದೆ.