ಹದಿನಾಲ್ಕು ದಿನದ ಮೆಕ್ಕೆಜೋಳ

ದಾವಣಗೆರೆಯ ಬಾಡಿಗೆ ಮನೆಯ ಮೂರನೆಯ ಮಹಡಿಯಲ್ಲಿ ನನಗೊಂದು ಹೊಲವಿದೆ. ಅದಕ್ಕೆ ಪಹಣಿ ಇಲ್ಲ, ಪೋಡಿಯ ತಕರಾರಿಲ್ಲ, ಬದುವಿನ ನೆಪ ತೆಗೆದು ಜಗಳಕ್ಕೆ ಬರುವ ದಾಯಾದಿಗಳೂ ಇಲ್ಲ. ಮೊಬೈಲಿನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಅದು ನನ್ನದೇ. ಜಗಳೂರು ತಾಲ್ಲೂಕಿನಲ್ಲಿ ಅಪ್ಪನ ಹೆಸರಿನಲ್ಲಿ ನಿಜವಾದ ನಾಲ್ಕೆಕರೆ ಇದೆ. ಅಲ್ಲಿಗೆ ಬಂದು ಒಂದು ದಿನ ಕಳೆ ತೆಗೆ ಎಂದರೆ ನನಗೆ ಸೊಂಟ ಹಿಡಿದುಕೊಳ್ಳುತ್ತದೆ. ಇಲ್ಲಿ ಮಾತ್ರ, ರಾತ್ರಿ ಊಟವಾದ ಮೇಲೆ ಗೋಡೆಗೊರಗಿ ಕುಳಿತು ಕಲ್ಲು ಆರಿಸುತ್ತೇನೆ, ಮರದ ಬೊಡ್ಡೆ ಕೀಳುತ್ತೇನೆ, ಒಂದೊಂದೇ ಗಿಡದ ಬುಡಕ್ಕೆ ನೀರು ಹನಿಸುತ್ತೇನೆ.

ಆಟದ ಹೆಸರು ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಎಂಬ ಅಮೆರಿಕದ ಹುಡುಗ ಚಿತ್ರ, ಸಂಗೀತ, ಕೋಡು ಎಲ್ಲವನ್ನೂ ಒಬ್ಬನೇ ಮಾಡಿಕೊಂಡು, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಗೇದು, 2016ರಲ್ಲಿ ಹೊರತಂದ. ಒಂಟೆತ್ತಿನ ಬೇಸಾಯವೇ ಸರಿ. ಅದರ ಹಿರೀಕನೆಂದರೆ 1996ರ ಜಪಾನಿನ ಹಾರ್ವೆಸ್ಟ್ ಮೂನ್. ನಡುವೆ 2009ರಲ್ಲಿ ಫೇಸ್‌ಬುಕ್ಕಿನಲ್ಲಿ ಬಂದ ಫಾರ್ಮ್‌ವಿಲ್ ಹಲವರಿಗೆ ನೆನಪಿರಬಹುದು. ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಅದರಲ್ಲಿ ಪೈರು ಬಾಡಿಹೋಗುತ್ತಿತ್ತು. ಹುಟ್ಟಿದಾಗಿನಿಂದ ಹೊಲ ತುಳಿಯದವರೂ ಕಚೇರಿಯಲ್ಲಿ ಕುಳಿತು ಸುಗ್ಗಿಯ ಚಿಂತೆ ಮಾಡುತ್ತಿದ್ದ ಕಾಲ ಅದು.

ನನ್ನ ಆಟದ ಊರಿನಲ್ಲಿ ಒಂದು ಋತುವಿಗೆ 28 ದಿನ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡು ಮಳೆ. ರೋಹಿಣಿ ಹುಟ್ಟಿ ಮೃಗಶಿರ ಮುಗಿಯುವಷ್ಟರಲ್ಲಿ ಅವರ ವಸಂತವೇ ಮುಗಿದಿರುತ್ತದೆ. ಮನೆಯೊಳಗೊಂದು ಟಿವಿ ಇದೆ. ನಾಳೆ ಮಳೆ ಎಂದು ಅದು ಹೇಳಿದರೆ ನಾಳೆ ಮಳೆ. ಆರಿದ್ರಾ ಹಿಡಿದರೆ ಆರದೆ ಹೊಯ್ಯುತ್ತದೆಂದು ನಂಬಿ ಬಿತ್ತಿ, ಮೋಡ ಚನ್ನಗಿರಿಯ ಕಡೆಗೆ ಹೋಗುವುದನ್ನು ನೋಡುತ್ತ ನಿಂತವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಹೋದ ಶ್ರಾವಣದಲ್ಲಿ ಕಣ್ಣು ತೋರಿಸಲೆಂದು ಅಪ್ಪ ಬಂದು ಎರಡು ದಿನ ಉಳಿದಿದ್ದ. ಸಂಜೆ ಮಂಡಕ್ಕಿ ತಿನ್ನುತ್ತ ನನ್ನ ಭುಜದ ಮೇಲಿಂದ ಇಣುಕಿದ.

“ಏನು ಹಾಕಿದ್ದೀಯ?”

“ಮೆಕ್ಕೆಜೋಳ.”

“ಎಷ್ಟು ದಿನದ್ದು?”

“ಹದಿನಾಲ್ಕು.”

ಅಪ್ಪ ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದ. ನಮ್ಮಲ್ಲಿ ಅದಕ್ಕೆ ನಾಲ್ಕು ತಿಂಗಳು ಹಿಡಿಯುತ್ತದೆ. ಒಮ್ಮೆ ತೆನೆ ಬಿಟ್ಟ ಮೇಲೆ ಅದೇ ದಂಟು ನಾಲ್ಕು ದಿನಕ್ಕೊಮ್ಮೆ ಮತ್ತೆ ಮತ್ತೆ ತೆನೆ ಕೊಡುತ್ತದೆಂದು ಹೇಳಿದಾಗ ನನ್ನ ಮುಖವನ್ನೊಮ್ಮೆ ನೋಡಿದ. ಹಾಸ್ಯ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು.

“ಬೀಜಕ್ಕೆ ಎಷ್ಟು?”

“ನೂರೈವತ್ತು ನಾಣ್ಯ.”

“ತೆನೆ ಎಷ್ಟಕ್ಕೆ ಹೋಗುತ್ತದೆ?”

“ಐವತ್ತಕ್ಕೆ.”

“ಹಾಂ, ಇದು ಸರಿಯಾಗಿದೆ” ಎಂದ. ಬೀಜ ಕಾಳಿಗಿಂತ ತುಟ್ಟಿ ಎಂಬ ಒಂದು ಸಂಗತಿಯಿಂದ ಆ ಊರಿನ ಮೇಲೆ ಅವನಿಗೆ ವಿಶ್ವಾಸ ಹುಟ್ಟಿತು.

ಮುಂದಿನ ಪ್ರಶ್ನೆ ಹುಳುವಿನದು. ಇಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. 2018ರಲ್ಲಿ ಫಾಲ್ ಸೈನಿಕ ಹುಳು ಈ ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದೇ ನಮ್ಮ ರಾಜ್ಯದಲ್ಲಿ. ಸುಳಿಯೊಳಗೆ ಕುಳಿತು ಮೇಯುವ ಆ ಹುಳುವಿಗಾಗಿ ಅಪ್ಪ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಎಷ್ಟು ಸಲ ಎಣ್ಣೆ ಹೊಡೆದಿದ್ದಾನೋ. ಕಾಗೆಗಳು ಮಾತ್ರ ಬರುತ್ತವೆ, ಒಂದು ಬೆದರುಬೊಂಬೆ ನಿಲ್ಲಿಸಿದರೆ ಅವೂ ಬರುವುದಿಲ್ಲ ಎಂದೆ. “ಹಂದಿ?” ಎಂದ. ರಂಗಯ್ಯನದುರ್ಗದ ಕಾಡಿನ ಅಂಚಿನಲ್ಲಿ ಹೊಲ ಇರುವವರು ಹಂದಿಯನ್ನು ಮರೆಯುವುದಿಲ್ಲ.

ಮಾರಾಟದ ವಿಷಯಕ್ಕೆ ಬಂದಾಗ ತೊಡಕಾಯಿತು. ಮನೆಯ ಪಕ್ಕದಲ್ಲಿ ಒಂದು ಪೆಟ್ಟಿಗೆ ಇದೆ, ಬೆಳೆದದ್ದನ್ನು ಅದರಲ್ಲಿ ಹಾಕಿದರೆ ರಾತ್ರಿ ಊರಿನ ಮೇಯರ್ ಬಂದು ಒಯ್ಯುತ್ತಾನೆ, ಬೆಳಿಗ್ಗೆ ಹಣ ಬಂದಿರುತ್ತದೆ ಎಂದು ವಿವರಿಸಿದೆ.

“ಮೇಯರ್ ತಾನೇ ಬಂದು ಹೊರುತ್ತಾನೆಯೇ?”

“ಹೌದು.”

“ಹಮಾಲಿ ಮುರಿದುಕೊಳ್ಳುವುದಿಲ್ಲವೇ? ತೇವಾಂಶ ನೋಡುವುದಿಲ್ಲವೇ?”

“ಇಲ್ಲ.”

“ತೂಕದ ಚೀಟಿ?”

“ಅದೂ ಇಲ್ಲ.”

“ಚೀಟಿ ಕೊಡದವನಿಗೆ ಮಾಲು ಹಾಕಬೇಡ” ಎಂದವನೇ ಎದ್ದು ಕೈ ತೊಳೆಯಲು ಹೋದ.

ಇಂಥ ಆಟಗಳು ಪಟ್ಟಣದವರನ್ನು ಮಣ್ಣಿಗೆ ಹತ್ತಿರ ತರುತ್ತವೆ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಅದು ಶುದ್ಧ ಸುಳ್ಳು. ನೂರಾರು ಗಂಟೆ ಆಡಿದ ಮೇಲೂ ನನಗೆ ಕುಂಟೆ ಹಿಡಿಯುವ ಆಸೆ ಹುಟ್ಟಿಲ್ಲ. ನನ್ನನ್ನು ಹಿಡಿದು ಕೂರಿಸುವುದು ಬೇರೆಯೇ. ಎಲ್ಲ ಸಾಲಿಗೂ ನೀರಾಯಿತು, ಕೋಳಿ ಗೂಡು ಸೇರಿತು, ದೀಪ ಆರಿಸಿ ಮಲಗಿದರೆ ಆ ದಿನದ ಲೆಕ್ಕ ಪರದೆಯ ಮೇಲೆ ಬರುತ್ತದೆ: ಇಷ್ಟು ದುಡಿದೆ, ಇಷ್ಟು ಬಂತು. ನಾನು ಕಚೇರಿಯಲ್ಲಿ ದಿನಕ್ಕೆ ಎಂಟು ಗಂಟೆ ಲೆಕ್ಕ ಬರೆಯುವವನು. ಆ ಲೆಕ್ಕ ಸಂಜೆಯ ಹೊತ್ತಿಗೆ ಮುಗಿದದ್ದನ್ನು ಇದುವರೆಗೂ ಕಂಡಿಲ್ಲ. ಅಪ್ಪನ ಹೊಲದ್ದಂತೂ ಅಜ್ಜನ ಕಾಲದಿಂದಲೂ ಮುಗಿದಿಲ್ಲ.

ಆಟದಲ್ಲಿ ಒಂದು ಕಟ್ಟುನಿಟ್ಟಿದೆ. ರಾತ್ರಿ ಎರಡರೊಳಗೆ ಮಲಗದಿದ್ದರೆ ರೈತ ನಿಂತಲ್ಲಿಯೇ ಕುಸಿದು ಬೀಳುತ್ತಾನೆ. ಕಾರ್ತಿಕದಲ್ಲಿ ಊರಿಗೆ ಹೋದಾಗ ಪಡಸಾಲೆಯಲ್ಲಿ ಕಂಬಳಿ ಹೊದ್ದು ಆಡುತ್ತಿದ್ದೆ. ಎರಡು ಗಂಟೆಗೆ ಸರಿಯಾಗಿ ಅಪ್ಪ ಎದ್ದು ಟಾರ್ಚು ಹುಡುಕಿದ. ತ್ರೀ ಫೇಸ್ ಕರೆಂಟು ಬಂದಿತ್ತು.

“ಎದ್ದೇ ಇದ್ದೀಯಲ್ಲ, ಬಾ.”

ಮೋಟರು ಎತ್ತಿದ ಮೇಲೆ ಪೈಪಿನ ಬಾಯಲ್ಲಿ ಮೊದಲು ಗಾಳಿ, ಆಮೇಲೆ ಕೆಮ್ಮಣ್ಣಿನ ನೀರು ಬಂತು. ನಾನು ಪ್ಯಾಂಟು ಮಡಚಿ, ಅಪ್ಪ ಹೇಳಿದ ಕಡೆ ಸಲಿಕೆಯಿಂದ ಈರುಳ್ಳಿ ಮಡಿಯ ಬಾಯಿ ಒಡೆದೆ. ನೀರು ಮಡಿಯ ತುದಿ ಮುಟ್ಟುವವರೆಗೆ ಇಬ್ಬರಿಗೂ ಕೆಲಸವಿರಲಿಲ್ಲ.

“ನಿನ್ನ ಜೋಳಕ್ಕೆ ನೀರು ಕಟ್ಟಿದೆಯಾ?” ಎಂದು ಅಪ್ಪ ಕೇಳಿದ.

“ನಾಳೆ ಅಲ್ಲಿ ಮಳೆಯಂತೆ” ಎಂದೆ.

“ಹೌದೇನು” ಎಂದು ಅಪ್ಪ ಟಾರ್ಚಿನ ಬೆಳಕನ್ನು ಕೊನೆಯ ಮಡಿಯ ಕಡೆ ಬಿಟ್ಟ. ನೀರು ಇನ್ನೂ ಅರ್ಧಕ್ಕೆ ಬಂದಿತ್ತು.