ಅತ್ತೆಯ ಬಿಸಿನೀರು ಮತ್ತು ಮೂರು ಯೂನಿಟ್

ನಮ್ಮತ್ತೆಯವರ ಊರು ತಿಪಟೂರಿನ ಹತ್ತಿರ. ಮೊದಲೆಲ್ಲ ಅವರು ಬೆಂಗಳೂರಿಗೆ ಬರುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ. ಗೌರಿಹಬ್ಬಕ್ಕೆ ಬಾಗಿನ ಕೊಡಲು ಒಮ್ಮೆ, ಡಾಕ್ಟರಿಗೆ ಕಣ್ಣು ತೋರಿಸಲು ಒಮ್ಮೆ. 2023ರ ಜೂನ್ 11ರಂದು ಹೆಂಗಸರಿಗೆ ಬಸ್ ಫ್ರೀ ಮಾಡಿದ ಶಕ್ತಿ ಯೋಜನೆ ಶುರುವಾಯಿತು ನೋಡಿ, ಈಗ ತಿಂಗಳಿಗೊಮ್ಮೆ ಬರುತ್ತಾರೆ. ಕೆಂಪು ಬಸ್ಸು, ಕೈಯಲ್ಲಿ ಆಧಾರ್ ಕಾರ್ಡು, ಚೀಲದಲ್ಲಿ ಆರು ತೆಂಗಿನಕಾಯಿ. ಬಂದರೆ ನನಗೆ ಖುಷಿಯೇ. ಚಟ್ನಿಗೆ ಕಾಯಿ ಕೊಳ್ಳುವ ಖರ್ಚು ಉಳಿಯುತ್ತದೆ.

ತೊಂದರೆ ಇರುವುದು ಬಚ್ಚಲುಮನೆಯಲ್ಲಿ.

ಊರಲ್ಲಿ ಅವರಿಗೆ ಹಂಡೆ ಒಲೆಯ ಸ್ನಾನ ಅಭ್ಯಾಸ. ತೆಂಗಿನ ಗರಿ, ಚಿಪ್ಪು ಉರಿಸಿ ಕೊತಕೊತ ಕಾಯಿಸಿದ ನೀರು, ಅದೂ ಹಂಡೆ ತುಂಬ. ನಮ್ಮ ಗೀಸರ್ ಎರಡು ಕಿಲೋವ್ಯಾಟಿನದು. ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಅತ್ತೆಗೆ ಇದರ ಲೆಕ್ಕ ಹೇಳಲು ಆಗುತ್ತದೆಯೇ? "ಅಳಿಯಂದ್ರೇ, ಕರೆಂಟು ಫ್ರೀ ಅಲ್ವಾ?" ಎಂದು ಕೇಳುತ್ತಾರೆ. ಫ್ರೀನೇ ಅತ್ತೆ, ಆದರೆ.

ಆ 'ಆದರೆ' ದೊಡ್ಡದು. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಫ್ರೀ ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ಫ್ರೀ ಇರುವುದು 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದ್ದಿರೋ ಅಷ್ಟು, ಅದರ ಮೇಲೆ ಶೇ. 10. ಆ ವರ್ಷ ನನ್ನ ತಂದೆಗೆ ಹುಷಾರಿರಲಿಲ್ಲವೆಂದು ನಾವು ಎರಡು ತಿಂಗಳು ಮನೆಗೆ ಬೀಗ ಹಾಕಿ ಊರಲ್ಲಿದ್ದೆವು. ಮಿಕ್ಕ ದಿನಗಳಲ್ಲೂ ನಾನು ರೂಮಿಂದ ರೂಮಿಗೆ ಹೋಗಿ ಫ್ಯಾನ್ ಆರಿಸುವ ಜಾತಿ. ಸರಾಸರಿ ಬಂದದ್ದು 130. ಶೇ. 10 ಸೇರಿಸಿದರೆ 143. ಎದುರು ಮನೆಯವರು ಆ ವರ್ಷವೇ ಎಸಿ ಹಾಕಿಸಿ, ಮನೆ ತುಂಬ ದೀಪ ಉರಿಸಿ, 180 ದಾಟಿಸಿದ್ದರು. ಅವರಿಗೆ ಹತ್ತಿರ ಹತ್ತಿರ 200 ಸಿಕ್ಕಿತು. ಮಿತವ್ಯಯಕ್ಕೆ ಇಷ್ಟು ದುಬಾರಿ ದಂಡ ಬೀಳುತ್ತದೆಂದು ಮೊದಲೇ ಯಾರಾದರೂ ಹೇಳಿದ್ದರೆ ನಾನೂ ಹಗಲಲ್ಲಿ ಟ್ಯೂಬ್‌ಲೈಟ್ ಉರಿಸಿಕೊಂಡು ಕೂರುತ್ತಿದ್ದೆ.

143 ದಾಟಿದರೆ ಮಿಕ್ಕ ಯೂನಿಟ್‌ಗಳಿಗೆ ಮಾತ್ರ ದುಡ್ಡು. 200 ದಾಟಿದರೆ ಮಾತ್ರ ಕಥೆ ಮುಗಿಯಿತು. ಮೊದಲ ಯೂನಿಟ್‌ನಿಂದ ಕೊನೆಯದರವರೆಗೆ ಎಲ್ಲಕ್ಕೂ ಕಟ್ಟಬೇಕು. ಹಾಗಾಗಿ ನಮ್ಮನೆಯಲ್ಲಿ 200 ಎಂದರೆ ಲಕ್ಷ್ಮಣರೇಖೆ.

2025ರ ಡಿಸೆಂಬರ್ ಚಳಿಯಲ್ಲಿ ಅತ್ತೆ ಬಂದು ಹನ್ನೆರಡು ದಿನ ಇದ್ದರು. ಮೀಟರ್ ರೀಡರ್ ಬರುವ ಹಿಂದಿನ ಸಂಜೆ ನಾನು ಟಾರ್ಚ್ ಹಿಡಿದು ಕೆಳಗಿಳಿದೆ. ಹಳೆ ಬಿಲ್ಲಿನ ರೀಡಿಂಗ್ ಕಳೆದು ನೋಡಿದೆ. 197. ಮೈ ಜುಮ್ಮೆಂದಿತು. ಮೇಲೆ ಬಂದವನೇ ಮನೆಯಲ್ಲಿ ಎಮರ್ಜೆನ್ಸಿ ಘೋಷಿಸಿದೆ. ಟಿವಿ ಇಲ್ಲ, ಇಸ್ತ್ರಿ ಇಲ್ಲ, ಮಿಕ್ಸಿ ಇಲ್ಲ. ಗೀಸರ್ ಮಾತು ಎತ್ತುವ ಹಾಗೇ ಇಲ್ಲ. ಮಗಳು ಮೊಬೈಲ್ ಚಾರ್ಜಿಗೆ ಹಾಕಿದ್ದನ್ನೂ ಕಿತ್ತೆ. "ರೀ, ನಿಮಗೇನಾಗಿದೆ?" ಎಂದಳು ಹೆಂಡತಿ. ಫ್ರಿಜ್ ಆರಿಸಲು ಹೋದಾಗ ಮಾತ್ರ ಕೈ ಹಿಡಿದು ನಿಲ್ಲಿಸಿದಳು.

ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಬಚ್ಚಲಿನ ದೀಪ ಯಾರೋ ಹಾಗೇ ಬಿಟ್ಟಿದ್ದರು. ಪ್ಯಾಸೇಜಿನ ಲೈಟ್ ಹಾಕಿದರೆ ಅದೂ ಕರೆಂಟೇ ಅಲ್ವಾ? ಕತ್ತಲಲ್ಲೇ ತಡಕಾಡಿದೆ. ಒಂದು ಸ್ವಿಚ್ ಒತ್ತಿದೆ, ದೀಪ ಆರಲಿಲ್ಲ. ಪಕ್ಕದ್ದು ಒತ್ತಿದೆ, ಆರಿತು. ದೇಶ ಕಾದ ಸೈನಿಕನ ಹಾಗೆ ಹೋಗಿ ಮಲಗಿದೆ.

ನಾನು ಮೊದಲು ಒತ್ತಿದ್ದು ಗೀಸರ್ ಸ್ವಿಚ್. ಅದರ ಕೆಂಪು ದೀಪ ಸುಟ್ಟು ಎರಡು ವರ್ಷವಾಗಿತ್ತು. ರಿಪೇರಿ ಮಾಡಿಸಿರಲಿಲ್ಲ, ಸುಮ್ನೆ ಖರ್ಚು ಅಂತ. ಬಿಸಿನೀರಿನ ನಲ್ಲಿ ಬೇರೆ ರಾತ್ರಿಯಿಡೀ ತೊಟ್ಟಿಕ್ಕುತ್ತಿತ್ತು.

ಬೆಳಗ್ಗೆ ಅತ್ತೆ ಸ್ನಾನ ಮುಗಿಸಿ ಬಂದು, "ಇವತ್ತು ನೀರು ನಮ್ಮೂರಿನ ಹಾಗೇ ಕಾದಿತ್ತು ಅಳಿಯಂದ್ರೇ" ಎಂದು ಹರಸಿದರು. ಕೆಳಗೆ ಮೀಟರ್ ರೀಡರ್ ಮಿಷನ್ನಿಂದ ಚೀಟಿ ಹರಿಯುತ್ತಿದ್ದರು. 203 ಯೂನಿಟ್.

ಚೀಟಿ ಹಿಡಿದು ಕೂತು ಓದಿದೆ. ಯೂನಿಟ್‌ಗೆ 5 ರೂಪಾಯಿ 80 ಪೈಸೆ. 2025ರ ಏಪ್ರಿಲ್‌ನಲ್ಲಿ ಇದನ್ನು 10 ಪೈಸೆ ಇಳಿಸಿದಾಗ ನಾನು ಎಷ್ಟು ಸಂತೋಷಪಟ್ಟಿದ್ದೆ! ಅದೇ ಹೊತ್ತಿಗೆ ನಿಗದಿತ ಶುಲ್ಕ ಕಿಲೋವ್ಯಾಟಿಗೆ 120ರಿಂದ 145ಕ್ಕೆ ಏರಿದ್ದು ಗಮನಿಸಿರಲಿಲ್ಲ. ನಮ್ಮನೆಗೆ ಮಂಜೂರಾದ ಲೋಡ್ ಮೂರು ಕಿಲೋವ್ಯಾಟ್. ಅಂದರೆ 203 ಯೂನಿಟ್‌ಗೆ 20 ರೂಪಾಯಿ 30 ಪೈಸೆ ಕೊಟ್ಟು 75 ರೂಪಾಯಿ ಇಸ್ಕೊಂಡ ಹಾಗಾಯಿತು. ಜೊತೆಗೆ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆ. ನನ್ನ ಕೆಲಸಕ್ಕೆ ಪಿಂಚಣಿ ಇಲ್ಲ. ಆದರೂ ಬಲ್ಬ್ ಹಾಕಿದಾಗಲೆಲ್ಲ ಇನ್ನೊಬ್ಬರ ವೃದ್ಧಾಪ್ಯ ಬೆಳಗುತ್ತಿದ್ದೇನೆ. ತೆರಿಗೆಯೂ ಸೇರಿ ಬಿಲ್ಲು 1,800ರ ಆಸುಪಾಸಿಗೆ ಹೋಗಿ ನಿಂತಿತ್ತು. ಶಕ್ತಿ ಬಂದು ಗೃಹಜ್ಯೋತಿಯನ್ನು ನಮ್ಮ ಬಚ್ಚಲಲ್ಲಿ ಆರಿಸಿಹೋಯಿತು. ಸ್ವಿಚ್ ಒತ್ತಿದ್ದು ನಾನೇ ಎಂಬ ವಿಷಯ ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಭಾನುವಾರ ಅತ್ತೆಯನ್ನು ಊರಿಗೆ ಕಳಿಸಲು ಮೂವರೂ ಮೆಜೆಸ್ಟಿಕ್‌ಗೆ ಸಿಟಿ ಬಸ್ ಹತ್ತಿದೆವು. "ಎರಡು ಝೀರೋ," ಎಂದು ಕಂಡಕ್ಟರ್ ಟಿಕೆಟ್ ಹರಿದು ನನ್ನತ್ತ ತಿರುಗಿದರು. "ನಿಮ್ದು? ಚಿಲ್ಲರೆ ಕೊಡಿ." 2025ರ ಜನವರಿ 5ರಿಂದ ಬಸ್ ದರ ಶೇ. 15 ಏರಿದ್ದು ನಮ್ಮನೆಯಲ್ಲಿ ನನ್ನೊಬ್ಬನಿಗೇ ಗೊತ್ತು. ಹೆಂಡತಿಗೆ ಹೇಳಿದರೆ "ಹೌದಾ?" ಎನ್ನುತ್ತಾಳೆ, ಬೇರೆ ದೇಶದ ಸುದ್ದಿ ಕೇಳಿದ ಹಾಗೆ. ಈಗ ಗಾಂಧಿಬಜಾರಿನಿಂದ ಹೂವು ತರಬೇಕೆಂದರೂ, "ನೀವು ಬೇಡ ಬಿಡಿ, ಹೋಗಿಬರೋಕೆ ದುಡ್ಡು ದಂಡ, ನಾನೇ ಹೋಗ್ತೀನಿ" ಎನ್ನುತ್ತಾಳೆ. ನಾನು ಹೊರಗೆ ಕಾಲಿಡುವುದೇ ಮನೆಗೆ ಲುಕ್ಸಾನು.

ಮೆಟ್ರೋದಲ್ಲಾದರೂ ಸಮಾನತೆ ಇದೆ, ಗಂಡು ಹೆಣ್ಣು ಇಬ್ಬರಿಗೂ ಬರೆ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90ಕ್ಕೆ ಹಾರಿತಲ್ಲ. ಜನ ಕೂಗಾಡಿದ ಮೇಲೆ ಒಂದಷ್ಟು ಕಡೆ ಇಳಿಸಿದರು. ಏರಿಕೆ ಶೇ. 71 ಮೀರದ ಹಾಗೆ ನೋಡಿಕೊಂಡೆವು ಎಂದರು. 71 ಎನ್ನುವುದು ರಿಯಾಯಿತಿ! ಜನ ಕಡಿಮೆ ಇರುವ ಹೊತ್ತಲ್ಲಿ ಸ್ಮಾರ್ಟ್ ಕಾರ್ಡ್ ಇದ್ದವರಿಗೆ ಇನ್ನೊಂದು ಶೇ. 5 ಬಿಡುತ್ತಾರೆಂದು ಒಂದು ದಿನ ಹನ್ನೆರಡು ಗಂಟೆವರೆಗೆ ಸ್ಟೇಷನ್ ಹೊರಗೆ ಕಾದೆ. ಕಾಯುತ್ತಾ ಎರಡು ಕಾಫಿ ಕುಡಿದೆ. ಹಾಲು ಲೀಟರಿಗೆ 4 ರೂಪಾಯಿ ಏರಿದ್ದರಿಂದ ಕಾಫಿಯೂ ಏರಿತ್ತು. ಉಳಿದದ್ದು ಮೂರು ರೂಪಾಯಿ, ಹೋದದ್ದು ನಲವತ್ತು. ಇದನ್ನೂ ಮನೆಯಲ್ಲಿ ಹೇಳಿಲ್ಲ.

ಸಂಕ್ರಾಂತಿಗೆ ಅತ್ತೆ ಮತ್ತೆ ಬಂದರು. ಬಿಲ್ಲಿನ ವಿಷಯ ಮಗಳು ಫೋನಲ್ಲಿ ಹೇಳಿ ಅವರ ಮನಸ್ಸಿಗೆ ಹತ್ತಿತ್ತು. ಈ ಸಲ ತೆಂಗಿನಕಾಯಿ ಬದಲು ಊರಿನ ತಾಮ್ರದ ಹಂಡೆಯನ್ನೇ ಗೋಣಿಯಲ್ಲಿ ಕಟ್ಟಿಕೊಂಡು ತಂದಿದ್ದಾರೆ. ಎರಡನೇ ಮಹಡಿಯ ಮನೆಯಲ್ಲಿ ಸೌದೆ ಒಲೆ ಎಲ್ಲಿ ಹಚ್ಚುವುದೋ ಯಾರೂ ಯೋಚಿಸಿಲ್ಲ. ಹಂಡೆ ಸದ್ಯಕ್ಕೆ ಹಾಲ್‌ನಲ್ಲಿ, ಟಿವಿ ಪಕ್ಕ ಕೂತಿದೆ.

"ಬಸ್ಸಲ್ಲಿ ಜಾಸ್ತಿ ಜಾಗ ಹಿಡೀತು ಅಂತ ಇದಕ್ಕೆ ಲಗೇಜ್ ಚಾರ್ಜ್ ಹಾಕಿದ್ರು ಅಳಿಯಂದ್ರೇ," ಎಂದು ಅತ್ತೆ ಟಿಕೆಟ್ ತೆಗೆದು ನನ್ನ ಕೈಗಿಟ್ಟರು.

ದುಡ್ಡು ಕೊಟ್ಟು ಬಸ್ಸಲ್ಲಿ ಓಡಾಡುವವರು ಈಗ ನಮ್ಮನೆಯಲ್ಲಿ ಇಬ್ಬರಾದೆವು. ನಾನು, ಆ ಹಂಡೆ.