ಮುಳುಗಲೊಲ್ಲದ ಸಬ್‌ಮರೀನು

ದೋಣಿ ಮಾಡುವವನಿಗೆ ಒಂದೇ ಚಿಂತೆ, ಮುಳುಗಬಾರದು ಅಂತ. ಸಬ್‌ಮರೀನು ಮಾಡುವವನಿಗೆ ಎರಡು. ಮೊದಲು ಮುಳುಗಬೇಕು, ಆಮೇಲೆ ಮೇಲೆ ಬರಬೇಕು. ಎರಡನೆಯದನ್ನು ಆಮೇಲೆ ನೋಡಿಕೊಂಡರಾಯಿತು ಅಂತ ನಾನು ಕೆಲಸ ಶುರು ಮಾಡಿದ್ದೆ.

ಮನುಷ್ಯರು ಕೂರುವಂಥದ್ದೇನೂ ಅಲ್ಲ ಬಿಡಿ. ನನಗೆ ಅಷ್ಟು ಧೈರ್ಯ ಇಲ್ಲ, ನನ್ನ ಕೈಕೆಲಸದ ಮೇಲೆ ಅಷ್ಟು ನಂಬಿಕೆಯೂ ಇಲ್ಲ. 11 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಉದ್ದದ ಪಿವಿಸಿ ಪೈಪು. ಎರಡೂ ತುದಿಗೆ ಮುಚ್ಚಳ. ಒಳಗೆ ಬ್ಯಾಟರಿ, ಮೋಟರು, ಆಟದ ಕಾರಿನಿಂದ ಕಿತ್ತ ರಿಮೋಟ್ ಸಾಮಾನು. ನನ್ನ ಮಹಾಸಾಗರ ಅಂದರೆ ಹಿತ್ತಲಿನ ನೀರಿನ ತೊಟ್ಟಿ. ಆಳ ಒಂದೂವರೆ ಮೀಟರ್.

ಮೂರು ತಿಂಗಳು ರಾತ್ರಿ ಕೂತು, ಒಂದು ತೊಟ್ಟು ನೀರೂ ಒಳಗೆ ಹೋಗದ ಹಾಗೆ ಮಾಡಿದೆ. ಮನೆಯವರನ್ನೆಲ್ಲ ಕರೆದು ನಿಲ್ಲಿಸಿ ತೊಟ್ಟಿಗೆ ಬಿಟ್ಟೆ. ಅದು ಆರಾಮಾಗಿ ತೇಲಿತು. ಕೈಯಿಂದ ಅದುಮಿದೆ. ಬಿಟ್ಟ ತಕ್ಷಣ ಚಂಗನೆ ಎದ್ದು ನನ್ನ ಮುಖಕ್ಕೇ ನೀರೆರಚಿತು.

ಆಮೇಲೆ ಕಾಗದ ಪೆನ್ನು ಹಿಡಿದು ಕೂತೆ. ಮೊದಲೇ ಕೂರಬೇಕಿತ್ತು, ನಿಜ. ಪೈಪಿನ ಗಾತ್ರ 5.7 ಲೀಟರ್. ಅಂದರೆ ಅದು ಮುಳುಗಬೇಕಾದರೆ ತೂಕ 5.7 ಕಿಲೋಗಿಂತ ಜಾಸ್ತಿ ಇರಬೇಕು. ನನ್ನದು ಎರಡೂವರೆ ಕಿಲೋ. ಆರ್ಕಿಮಿಡೀಸ್ ಇದನ್ನು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಹೇಳಿದ್ದ. ನಾನು ಹೈಸ್ಕೂಲಿನಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ.

ಮನೆಯಲ್ಲಿ ಎರಡೆರಡು ಕಿಲೋದ ಎರಡು ಡಂಬೆಲ್ ಇದ್ದವು. ಹೊಟ್ಟೆ ಕರಗಿಸಲು ತಂದವು, ಇನ್ನೂ ಹೊಸದಾಗೇ ಇದ್ದವು. ಒಂದನ್ನು ಕಟ್ಟಿದೆ. ಮೂತಿ ಕೆಳಗೆ ಹೋಯಿತು, ಬಾಲ ಮೇಲೆದ್ದು ನಿಂತಿತು. ಎರಡನೆಯದನ್ನೂ ಬೈಂಡಿಂಗ್ ವೈರಿನಿಂದ ಹನ್ನೊಂದು ಸುತ್ತು ಸುತ್ತಿ ಬಿಗಿದೆ. ಈ ಸಲ ಗಂಭೀರವಾಗಿ, ನೇರವಾಗಿ ಇಳಿಯಿತು. ನಾನು ಚಪ್ಪಾಳೆ ತಟ್ಟಿದೆ. ಒಂದು ಗೇಣು ಇಳಿದಿತ್ತೋ ಇಲ್ಲವೋ, ರಿಮೋಟಿನ ಮಾತು ಕೇಳುವುದನ್ನು ಬಿಟ್ಟಿತು. ಈಗಿನ ರಿಮೋಟುಗಳ 2.4 ಗಿಗಾಹರ್ಟ್ಸ್ ತರಂಗ ಗಾಳಿಯಲ್ಲಿ ಚೆನ್ನಾಗಿ ಓಡುತ್ತದೆ, ನೀರೊಳಗೆ ಕೂಡಲೇ ಸತ್ತುಹೋಗುತ್ತದೆ. ಅದಕ್ಕೇ ಮಾದರಿ ಸಬ್‌ಮರೀನು ಆಡಿಸುವವರು ಹಳೇ ಕಾಲದ ಕಡಿಮೆ ಫ್ರೀಕ್ವೆನ್ಸಿಯ ರಿಮೋಟುಗಳನ್ನು ಜೋಪಾನ ಮಾಡಿ ಇಟ್ಟುಕೊಳ್ಳುತ್ತಾರಂತೆ. ನನ್ನದು ಹೋಗಿ ತಳದಲ್ಲಿ ಮಲಗಿತು.

"ಕೆಳಗೆ ಹೋಗಬೇಕಿತ್ತು ತಾನೇ? ಹೋಯ್ತಲ್ಲ," ಅಂದಳು ಹೆಂಡತಿ. ಬೇಜಾರು ಮಾಡಬೇಕು ಅಂತ ಹೇಳಿದ್ದಲ್ಲ, ಸಮಾಧಾನಕ್ಕೇ ಹೇಳಿದ್ದು. ಅದೇ ಜಾಸ್ತಿ ಚುಚ್ಚಿತು.

ಕೊನೆಗೆ ಪಾತಾಳಗರಡಿ ಹಾಕಿ ಎತ್ತಬೇಕಾಯಿತು. ಬಾವಿಗೆ ಬಿದ್ದ ಕೊಡವನ್ನು ಎತ್ತುವ ಹಾಗೆ. ಬಿಚ್ಚಿ ನೋಡಿದರೆ ಒಳಗೆ ಒಂದು ಲೋಟ ನೀರು. ಕಾರಣ ಹುಡುಕಲು ಭೂತಗನ್ನಡಿ ತರಬೇಕಾಯಿತು. ಮುಚ್ಚಳದ ಓ-ರಿಂಗಿನ ಮೇಲೆ ಅಡ್ಡಲಾಗಿ ಒಂದು ಕೂದಲು ಅಂಟಿಕೊಂಡಿತ್ತು. ರಬ್ಬರಿನ ಉಂಗುರ ಒಂದು ಕೂದಲನ್ನೂ ಸಹಿಸುವುದಿಲ್ಲ, ಅದರ ಪಕ್ಕದಲ್ಲೇ ನೀರಿಗೆ ದಾರಿಯಾಗುತ್ತದೆ. ನನ್ನ ತಲೆಯಲ್ಲಿ ಉಳಿದಿರುವುದೇ ಲೆಕ್ಕ ಹಾಕುವಷ್ಟು. ಅವುಗಳಲ್ಲೊಂದು ಅಲ್ಲೇ ಹೋಗಿ ಕೂರಬೇಕಿತ್ತೇ?

ಅವತ್ತಿನಿಂದ ನಿಜವಾದ ಸಬ್‌ಮರೀನು ಕಟ್ಟುವವರನ್ನು ನೆನೆದರೆ ನನಗೆ ಕೈ ತಾನಾಗೇ ಮುಗಿಯುತ್ತದೆ. ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದೊಂದು ಚದರ ಸೆಂಟಿಮೀಟರ್ ಮೇಲೂ ಸುಮಾರು ಒಂದು ಕಿಲೋ ಭಾರ ಏರುತ್ತದೆ. ಸಮುದ್ರದ ಅತಿ ಆಳದ ಜಾಗ, ಚಾಲೆಂಜರ್ ಡೀಪ್, ಹತ್ತಿರ ಹತ್ತಿರ 11 ಕಿಲೋಮೀಟರ್. ನನ್ನ ಅಂಗೈಯಗಲದ ಮುಚ್ಚಳವನ್ನು ಅಲ್ಲಿಟ್ಟರೆ ಅದರ ಮೇಲೆ ನೂರು ಟನ್ ಕೂರುತ್ತದೆ. ತೊಟ್ಟಿಯ ತಳದಲ್ಲಿ ಬಿದ್ದದ್ದು ಹದಿನಾಲ್ಕು ಕಿಲೋ. ಅದಕ್ಕೇ ಸೋತಿತು.

ಅವರ ಕಿಟಕಿ ನೋಡಿ. ದಪ್ಪ ಅಕ್ರಿಲಿಕ್ಕು, ಹೊರಗೆ ಅಗಲ, ಒಳಗೆ ಕಿರಿದು, ಬಾಟಲಿಗೆ ಬಿರಡೆ ಹಾಕಿದ ಹಾಗೆ. ನೀರು ಒತ್ತಿದಷ್ಟೂ ಬಿಗಿಯಾಗಿ ಕೂರುತ್ತದೆ. ನಾನು ನೀರಿನ ಜೊತೆ ಮೂರು ತಿಂಗಳು ಕುಸ್ತಿ ಆಡಿದೆ. ಅವರು ನೀರಿನ ಹತ್ತಿರವೇ ಕಿಟಕಿ ಮುಚ್ಚಿಸುತ್ತಾರೆ. ಹೊರಗಿರುವ ಮೋಟರಿಗೆ ಎಣ್ಣೆ ತುಂಬಿಬಿಡುತ್ತಾರೆ. ಒಳಗೂ ಹೊರಗೂ ಒತ್ತಡ ಒಂದೇ ಆದ ಮೇಲೆ ಜಜ್ಜಲು ಏನಿದೆ?

1960ರ ಜನವರಿ 23ರಂದು ಝಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ಚಾಲೆಂಜರ್ ಡೀಪ್‌ನ ತಳಕ್ಕೆ ಹೋದ 'ಟ್ರಿಯೆಸ್ಟ್' ಎಂಬ ಸಬ್‌ಮರೀನು ನನ್ನ ಪಾಲಿನ ದೇವರು. ಇಬ್ಬರು ಕೂತಿದ್ದು 12.7 ಸೆಂಟಿಮೀಟರ್ ದಪ್ಪ ಗೋಡೆಯ ಉಕ್ಕಿನ ಗೋಳದೊಳಗೆ. ತೇಲಿಸಲು ಮೇಲೆ ದೊಡ್ಡ ತೊಟ್ಟಿ ತುಂಬಾ ಪೆಟ್ರೋಲು, ಯಾಕೆಂದರೆ ಅದು ನೀರಿಗಿಂತ ಹಗುರ, ಗಾಳಿಯ ಹಾಗೆ ಕುಗ್ಗಿಹೋಗುವುದಿಲ್ಲ. ಸುಮಾರು 9,000 ಮೀಟರ್ ಆಳದಲ್ಲಿ ಹೊರಗಿನ ಕಿಟಕಿಯೊಂದು ಫಟ್ ಅಂತ ಬಿರುಕು ಬಿಟ್ಟಿತು. ಇಬ್ಬರೂ ಇನ್ನೂ ಕೆಳಗೇ ಹೋದರು! ನಮ್ಮ ಮನೆ ಕಿಟಕಿಯ ಗಾಜು ಸೀಳಿದರೆ ನಾನು ಆ ರೂಮಿಗೆ ಎರಡು ದಿನ ಹೋಗುವುದಿಲ್ಲ.

ಅದರಲ್ಲಿ ನನ್ನ ನಿದ್ದೆ ಕೆಡಿಸಿದ್ದು ಭಾರದ ವ್ಯವಸ್ಥೆ. ಕೆಳಗೆ ಇಳಿಯಲು ಟನ್ನುಗಟ್ಟಲೆ ಕಬ್ಬಿಣದ ಪುಟ್ಟ ಗುಂಡುಗಳು, ಅವು ಸುರಿಯದಂತೆ ಬಾಯಿಗೆ ವಿದ್ಯುತ್ ಅಯಸ್ಕಾಂತ. ಕರೆಂಟ್ ಇರುವವರೆಗೆ ಗುಂಡು ನಿಂತಿರುತ್ತವೆ. ಕರೆಂಟ್ ಹೋದರೆ ಅವೇ ಸುರಿದು ಹೋಗುತ್ತವೆ, ಸಬ್‌ಮರೀನು ತಾನಾಗೇ ಮೇಲೆ. ಕೆಟ್ಟರೆ ಕೆಡಲಿ, ಕೆಡುವುದೇ ಒಳ್ಳೆಯದಾಗುವ ಹಾಗೆ ಕಟ್ಟಿದ್ದಾರೆ. ನಾನು ಹನ್ನೊಂದು ಸುತ್ತು ಬೈಂಡಿಂಗ್ ವೈರ್ ಸುತ್ತಿದ್ದೆ.

ಅವರಿಗೂ ಎಡವಟ್ಟು ಆಗಿದೆ ಅಂತ ಗೊತ್ತಾದಾಗ, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಖುಷಿಯಾಯಿತು. 1968ರಲ್ಲಿ 'ಆಲ್ವಿನ್' ಎಂಬ ಅಮೆರಿಕದ ಸಂಶೋಧನಾ ಸಬ್‌ಮರೀನನ್ನು ನೀರಿಗೆ ಇಳಿಸುವಾಗ ಕೇಬಲ್ ತುಂಡಾಯಿತು. ಮುಚ್ಚಳ ತೆರೆದೇ ಇತ್ತು. ಒಳಗಿದ್ದವರು ಹಾರಿ ಬಚಾವಾದರು, ಆಲ್ವಿನ್ ಸುಮಾರು 1,500 ಮೀಟರ್ ಕೆಳಗೆ ಹೋಗಿ ಕೂತಿತು. ಮುಂದಿನ ವರ್ಷ ಎತ್ತಿದಾಗ ಒಳಗೆ ಸಿಬ್ಬಂದಿಯ ಊಟ ನೆನೆದಿತ್ತು, ಆದರೆ ಹೆಚ್ಚುಕಮ್ಮಿ ಕೆಟ್ಟೇ ಇರಲಿಲ್ಲ. ವಿಜ್ಞಾನಿಗಳು ಅದನ್ನೇ ಹಿಡಿದುಕೊಂಡು, ಆಳದಲ್ಲಿ ಸೂಕ್ಷ್ಮಜೀವಿಗಳು ಎಷ್ಟು ನಿಧಾನ ಅಂತ ಸಂಶೋಧನೆ ಮಾಡಿದರು. ಅವರ ಹಡಗು ಮುಳುಗಿದರೂ ಒಂದು ಪ್ರಬಂಧ ಹುಟ್ಟುತ್ತದೆ. ನನ್ನದು ಮುಳುಗಿದ್ದಕ್ಕೆ ತೊಟ್ಟಿ ತೊಳೆಯುವ ಕೆಲಸ ಹುಟ್ಟಿತು.

ಇಷ್ಟೆಲ್ಲ ಓದಿದ ಮೇಲೆ ಸುಮ್ನೆ ಕೂರಲಾಗುತ್ತದೆಯೇ? ಬೈಂಡಿಂಗ್ ವೈರ್ ಬಿಚ್ಚಿ ಎಸೆದೆ. ಪೈಪಿನ ಕೆಳಗೆ ಎರಡು ವಿದ್ಯುತ್ ಅಯಸ್ಕಾಂತ ಕೂರಿಸಿ, ಅವಕ್ಕೆ ಡಂಬೆಲ್ ಅಂಟಿಸಿದೆ. ತಲೆಗೆ ಟೋಪಿ ಹಾಕಿಕೊಂಡೇ ಓ-ರಿಂಗಿಗೆ ಗ್ರೀಸ್ ಸವರಿದೆ. ನಿನ್ನೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಹೆಂಡತಿಗೆ ವಿವರಿಸುತ್ತಿದ್ದೆ. "ನೋಡು, ಬ್ಯಾಟರಿ ವೈರ್ ಕಿತ್ತುಹೋಯ್ತು ಅಂತಿಟ್ಕೋ, ತಕ್ಷಣ ಭಾರ ಬೀಳಬೇಕು..."

ವೈರಿಗೆ ಬೆಸುಗೆ ಹಾಕಿದವನು ನಾನೇ. ಕಿತ್ತುಹೋಯಿತು. ತಕ್ಷಣ ಭಾರ ಬಿತ್ತು.

"ರೀ, ಈ ಸಲ ಕರೆಕ್ಟಾಗಿ ಕೆಲಸ ಮಾಡ್ತು ಅಲ್ವಾ?" ಅಂದಳು.

ಹೆಬ್ಬೆರಳು ಹಿಡಿದುಕೊಂಡು ಒಂಟಿಕಾಲಲ್ಲಿ ಕುಣಿಯುತ್ತಾ ಹೌದು ಅಂದೆ.